ಎಂತ ಹಾಕ್ಲಿ ಪುಟ್ಟಿ? ಹಿಂಸೆಯ ಸಂಬಂಧದಿಂದ ಹೊರಬಂದವರಿಗೊಂದು ಹಾಡಿನ ಮಾರ್ಗದರ್ಶಿ

ಗಂಡನ ಮನೆ ಬಿಟ್ಟು ನಾನು ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಬಂದಿದ್ದು ಆಷಾಢದ ಮಳೆಯಲ್ಲಿ. ಮಾರನೇ ದಿನ ಬೆಳಿಗ್ಗೆ ಅಮ್ಮ ಒಲೆ ಮುಂದೆ ಕೂತು ರೇಡಿಯೋ ಕಿವಿ ತಿರುಗಿಸುತ್ತಾ ಕೇಳಿದಳು: "ಎಂತ ಹಾಕ್ಲಿ ಪುಟ್ಟಿ? ಚಿಂತನ ಹಾಕ್ಲಾ, ಹಾಡು ಹಾಕ್ಲಾ?"

ನನಗೆ ಉತ್ತರವೇ ಹೊಳೆಯಲಿಲ್ಲ. ನಾಲ್ಕು ವರ್ಷ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅಲ್ಲಿ ಟಿವಿ ರಿಮೋಟ್ ಅವನದು. ಕಾರಿನ ಹಾಡು ಅವನದು. ಸೌಂಡ್ ಎಷ್ಟಿರಬೇಕು ಅನ್ನೋದೂ ಅವನದೇ. ನಾನು ಪಾತ್ರೆ ತೊಳೆಯುತ್ತಾ ಗುನುಗಿದರೆ "ಯಾರನ್ನ ನೆನೆಸ್ಕೊಂಡು ಹಾಡ್ತಿದ್ದೀಯ?" ಎಂಬ ಮಾತು ಬರುತ್ತಿತ್ತು. ಒಂದು ದಿನ ಗುನುಗುವುದನ್ನೇ ಬಿಟ್ಟೆ. ಬಿಟ್ಟಿದ್ದು ನನಗೇ ಗೊತ್ತಾಗಿರಲಿಲ್ಲ.

ಅದಕ್ಕೇ "ಧೈರ್ಯ ತುಂಬುವ ಹತ್ತು ಹಾಡು" ಎಂಬ ಪಟ್ಟಿಯನ್ನು ನಾನಿಲ್ಲಿ ಕೊಡುತ್ತಿಲ್ಲ. ಬೇರೆಯವರು ಆರಿಸಿದ ಹಾಡನ್ನು ಕೇಳುತ್ತಾ ಕೂರುವುದು ನಮಗೆ ಸಾಕಷ್ಟು ಆಗಿದೆ, ಅಲ್ವಾ? ಯಾವ ಹಾಡು, ಎಷ್ಟು ಸೌಂಡು, ಯಾವಾಗ ನಿಲ್ಲಿಸುವುದು ಎಂದು ನೀವೇ ತೀರ್ಮಾನಿಸುವ ಅಭ್ಯಾಸವನ್ನು ಮತ್ತೆ ಶುರು ಮಾಡುವುದು ಹೇಗೆ ಎಂದು ಹೇಳುತ್ತೇನೆ. ಕೆಲವು ಹಾಡುಗಳ ಹೆಸರು ಬರುತ್ತದೆ. ಅವು ನನ್ನವು. ನಿಮಗೆ ಹಿಡಿಸದಿದ್ದರೆ ಬಿಡಿ.

ಎಲ್ಲಕ್ಕಿಂತ ಮೊದಲು

ಹಾಡು ಹೊಡೆತವನ್ನು ನಿಲ್ಲಿಸುವುದಿಲ್ಲ. ನೀವಿನ್ನೂ ಆ ಮನೆಯಲ್ಲೇ ಇದ್ದರೆ, ಅಥವಾ ಹೊರಬಂದರೂ ಅವನು ಹಿಂದೆ ಬೀಳುತ್ತಿದ್ದರೆ, ಈ ನಂಬರ್‌ಗಳನ್ನು ಬಾಯಿಪಾಠ ಮಾಡಿಕೊಳ್ಳಿ. ತುರ್ತಿಗೆ 112. ಮಹಿಳಾ ಸಹಾಯವಾಣಿ 181. ಉಚಿತ ಕಾನೂನು ನೆರವಿಗೆ 15100. ಹೆಂಗಸರಿಗೆ ಈ ನೆರವು ಕೊಡುವಾಗ ಆದಾಯ ಎಷ್ಟು ಎಂದು ನೋಡುವುದಿಲ್ಲ.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಹೊಡೆತ ಮಾತ್ರ ಹಿಂಸೆಯಲ್ಲ. ಲೈಂಗಿಕ ಹಿಂಸೆ, ಬೈಗುಳ, ಅವಮಾನ, ದುಡ್ಡು ಕೊಡದೆ ಕಟ್ಟಿಹಾಕುವುದು ಕೂಡ ಹಿಂಸೆಯೇ. ಮದುವೆಯಾಗದೆ ಗಂಡಹೆಂಡತಿಯಂತೆ ಒಟ್ಟಿಗೆ ಬಾಳಿದವರೂ ಇದರಡಿ ರಕ್ಷಣೆ ಕೇಳಬಹುದು. ನಮ್ಮಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ, ಅಂದರೆ ಈ ಕಾಯ್ದೆಯಡಿ ದೂರು ತಗೊಂಡು ನೆರವಾಗುವವರು. ಅಂಗನವಾಡಿ ಟೀಚರ್ ಹತ್ತಿರ ಕೇಳಿದರೆ ಅವರ ಆಫೀಸು ಎಲ್ಲಿದೆ ಎಂದು ಹೇಳುತ್ತಾರೆ. ಜಿಲ್ಲಾ ಕೇಂದ್ರದಲ್ಲಿ, ಹಿಂಸೆಗೊಳಗಾದ ಹೆಂಗಸರಿಗೆ ಒಂದೇ ಕಡೆ ನೆರವು ಕೊಡುವ ಸಖಿ ಕೇಂದ್ರವಿದೆ.

ಹೆಜ್ಜೆ 1: ನೀವು ಕೇಳುವ ಹಾಡು ಅವನಿಗೆ ಕಾಣದಿರಲಿ

ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಹೊರಬಂದು ತಿಂಗಳಾದ ಮೇಲೆ ಅವನಿಂದ ಒಂದು ಮೆಸೇಜ್ ಬಂತು: "ರಾತ್ರಿ ಎರಡು ಗಂಟೆಗೆ ಭಾವಗೀತೆ ಕೇಳ್ತಾ ಕೂತಿದ್ದೀಯಲ್ಲ, ನಿದ್ದೆ ಬರ್ತಿಲ್ವಾ?" ಕೈಕಾಲು ತಣ್ಣಗಾಯಿತು. ಆಮೇಲೆ ತಿಳಿಯಿತು, ನನ್ನ ಯೂಟ್ಯೂಬ್ ಇನ್ನೂ ಅವನ ಮನೆ ಟಿವಿಯಲ್ಲಿ ನನ್ನದೇ ಗೂಗಲ್ ಖಾತೆಯಲ್ಲಿ ತೆರೆದೇ ಇತ್ತು. ನಾನು ಇಲ್ಲಿ ಕೇಳಿದ್ದೆಲ್ಲ ಅಲ್ಲಿ ಹಿಸ್ಟರಿಯಲ್ಲಿ ಕಾಣುತ್ತಿತ್ತು.

ಹಾಗಾಗಿ ಮೊದಲ ಕೆಲಸ ಇದು. ಗೂಗಲ್ ಖಾತೆಯ ಸೆಟ್ಟಿಂಗ್ಸ್‌ಗೆ ಹೋಗಿ ಸೆಕ್ಯೂರಿಟಿ ಭಾಗ ತೆರೆಯಿರಿ. ಯಾವ್ಯಾವ ಫೋನು, ಟಿವಿ, ಕಂಪ್ಯೂಟರ್‌ನಲ್ಲಿ ನಿಮ್ಮ ಖಾತೆ ತೆರೆದಿದೆ ಎಂಬ ಪಟ್ಟಿ ಅಲ್ಲಿರುತ್ತದೆ. ಗೊತ್ತಿಲ್ಲದ್ದನ್ನೆಲ್ಲ ಸೈನ್ ಔಟ್ ಮಾಡಿ. ಆಮೇಲೆ ಪಾಸ್‌ವರ್ಡ್ ಬದಲಿಸಿ. ಮರೆತಾಗ ಕೋಡ್ ಬರುವ ಫೋನ್ ನಂಬರ್ ಯಾರದ್ದಿದೆ ಎಂದೂ ನೋಡಿ. ಎಷ್ಟೋ ಸಲ ಅದು ಅವನದೇ ಆಗಿರುತ್ತದೆ. ಹಾಡಿನ ಆ್ಯಪ್ ಅವನ ಇಮೇಲ್‌ನಲ್ಲಿ ಅಥವಾ ಅವನ ಫ್ಯಾಮಿಲಿ ಪ್ಲಾನ್‌ನಲ್ಲಿ ಇದ್ದರೆ ಅದನ್ನು ಸರಿಪಡಿಸಲು ಹೋಗಬೇಡಿ. ಹೊಸ ಇಮೇಲ್ ಮಾಡಿ, ಹೊಸ ಖಾತೆ ತೆರೆಯಿರಿ. ಹಳೇ ಪಟ್ಟಿ ಹೋದರೆ ಹೋಗಲಿ.

ಒಂದು ಎಚ್ಚರಿಕೆ. ನೀವಿನ್ನೂ ಅವನ ಜೊತೆಯಲ್ಲೇ ಇದ್ದರೆ ಪಾಸ್‌ವರ್ಡ್ ದಿಢೀರನೆ ಬದಲಿಸಬೇಡಿ. "ಇವಳು ಏನೋ ಮಾಡುತ್ತಿದ್ದಾಳೆ" ಎಂದು ಅವನಿಗೆ ಅನುಮಾನ ಬಂದರೆ ಅಪಾಯ ಹೆಚ್ಚುತ್ತದೆ. ಅಲ್ಲಿರುವ ತನಕ ರೇಡಿಯೋ ಸಾಕು. ರೇಡಿಯೋಗೆ ಹಿಸ್ಟರಿ ಇಲ್ಲ. ಇನ್ನೊಂದು: ಅವನ ಬೆದರಿಕೆ ಮೆಸೇಜ್‌ಗಳನ್ನು ಸಿಟ್ಟಿನಲ್ಲಿ ಅಳಿಸಬೇಡಿ. ಮುಂದೆ ಬೇಕಾಗಬಹುದು. ಸ್ಕ್ರೀನ್‌ಶಾಟ್ ತೆಗೆದು ನಂಬಿಕಸ್ತರಿಗೆ ಕಳಿಸಿಡಿ.

ವಾಟ್ಸಾಪ್ ಸ್ಟೇಟಸ್‌ಗೆ ಹಾಡು ಹಾಕುವ ಆಸೆಯಾಗುತ್ತದೆ. ನೋವಿನದ್ದೋ, "ನಾನು ಗೆದ್ದೆ" ಅನ್ನುವಂಥದ್ದೋ. ದಯವಿಟ್ಟು ಬೇಡ. ಅವನು ನೋಡುತ್ತಾನೆ, ಇಲ್ಲವೇ ಅವನ ಅಕ್ಕ ನೋಡಿ ಹೇಳುತ್ತಾಳೆ. ಅದಕ್ಕೊಂದು ಉತ್ತರ ಬರುತ್ತದೆ. ನೀವು ಮುಚ್ಚಿ ಬಂದ ಬಾಗಿಲು ಅಷ್ಟರಲ್ಲೇ ತೆರೆಯುತ್ತದೆ.

ನಮ್ಮ ಕಡೆಯವರಿಗೆ ಇನ್ನೂ ಒಂದು ಮಾತು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಮೂರು ದಿನ ಬರುವುದಿಲ್ಲ, ನೆಟ್‌ವರ್ಕ್ ಅದರ ಹಿಂದೆಯೇ ಹೋಗುತ್ತದೆ. ಕೆಟ್ಟ ರಾತ್ರಿಗಳು ಬರುವುದೂ ಆಗಲೇ. ಬೇಕಾದ ಹಾಡುಗಳನ್ನು ಮೊದಲೇ ಡೌನ್‌ಲೋಡ್ ಮಾಡಿಡಿ. ಸೆಲ್ ಹಾಕುವ ಸಣ್ಣ ರೇಡಿಯೋ ಒಂದಿರಲಿ. ಭದ್ರಾವತಿ ಆಕಾಶವಾಣಿ ನಮ್ಮ ಮನೆಯಲ್ಲಿ ಎಷ್ಟೋ ರಾತ್ರಿ ಮನುಷ್ಯರ ಹಾಗೆ ಜೊತೆಗಿತ್ತು.

ಹೆಜ್ಜೆ 2: ಮೊದಲ ವಾರಗಳಲ್ಲಿ ಹಾಡು ಬೇಡ ಅನ್ನಿಸಿದರೆ ಬಿಡಿ

ಕೆಲವರಿಗೆ ಹೊರಬಂದ ಹೊಸದರಲ್ಲಿ ಯಾವ ಸದ್ದೂ ಬೇಡ ಅನ್ನಿಸುತ್ತದೆ. ಕುಕ್ಕರ್ ಸೀಟಿಗೂ ಬೆಚ್ಚಿಬೀಳುತ್ತೇವೆ. ವರ್ಷಗಟ್ಟಲೆ ಅವನ ಬೈಕಿನ ಸದ್ದು, ಗೇಟಿನ ಸದ್ದು, ಮೆಟ್ಟಿಲ ಮೇಲಿನ ಹೆಜ್ಜೆ ಸದ್ದು ಕೇಳಿ ಅವತ್ತಿನ ಮೂಡ್ ಅಳೆದ ಕಿವಿ ಇದು. ಅದಕ್ಕೆ ಸ್ವಲ್ಪ ವಿಶ್ರಾಂತಿ ಬೇಕು. ಹಂಚಿನ ಮೇಲೆ ಬೀಳುವ ಮಳೆ ಸದ್ದು ಸಾಕು ಅನ್ನಿಸಿದರೆ ಅದೇ ಸಾಕು.

ಈ ಹೊತ್ತಿನಲ್ಲಿ ಮಾಡಬಹುದಾದ್ದು ಗುನುಗುವುದು. ಪದ ಬೇಡ, ರಾಗವೂ ಬೇಡ. ಬಾಯಿ ಮುಚ್ಚಿ "ಮ್" ಎನ್ನುವ ದನಿ. ಮನಸ್ಸಿನಲ್ಲಿ ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರು ಎಳೆದುಕೊಳ್ಳಿ. ಆರು ಅಥವಾ ಎಂಟು ಎಣಿಸುವಷ್ಟು ಹೊತ್ತು ಗುನುಗುತ್ತಾ ಬಿಡಿ. ಹೀಗೆ ಹತ್ತು ಸಲ. ಒಂದು ಕೈ ಎದೆ ಮೇಲಿರಲಿ, ಅದುರುವುದು ಅಂಗೈಗೆ ತಿಳಿಯುತ್ತದೆ.

ಇದರ ಹಿಂದೆ ಕಾರಣವಿದೆ. ಉಸಿರು ಒಳಗೆ ಹೋಗುವಾಗ ಎದೆಬಡಿತ ತುಸು ಚುರುಕಾಗುತ್ತದೆ, ಹೊರಗೆ ಹೋಗುವಾಗ ನಿಧಾನವಾಗುತ್ತದೆ. ಹೆದರಿದಾಗ ನಾವು ಮೇಲುಸಿರು ಬಿಡುತ್ತೇವೆ, ಉಸಿರು ಬೇಗ ಬೇಗ ಒಳಗೆ ಎಳೆಯುತ್ತೇವೆ. ಗುನುಗಿದರೆ ಹೊರಗೆ ಹೋಗುವ ಉಸಿರು ತಾನಾಗಿ ಉದ್ದವಾಗುತ್ತದೆ. ಅದರ ಹಿಂದೆ ಎದೆಬಡಿತವೂ ಇಳಿಯುತ್ತದೆ. ತೊಟ್ಟಿಲು ತೂಗುವವರು "ಜೋ" ಎಂದು ಎಳೆಯುವಾಗ ಮಗುವಿನ ಜೊತೆ ಅವರೂ ತೂಕಡಿಸುವುದನ್ನು ನೋಡಿದ್ದೀರಲ್ಲ.

ನನಗೆ ಮೊದಲ ಸಲ ದನಿಯೇ ಹೊರಡಲಿಲ್ಲ. ಗಂಟಲಲ್ಲಿ ಅಡಿಕೆ ಸಿಕ್ಕಿದ ಹಾಗಿತ್ತು. ಬಚ್ಚಲಮನೆಯಲ್ಲಿ ಹಂಡೆಯ ನೀರು ಕುದಿಯುವ ಸದ್ದಿನ ಮರೆಯಲ್ಲಿ ಶುರು ಮಾಡಿದೆ. ಯಾರಿಗೂ ಕೇಳದ ಜಾಗ ಹುಡುಕಿಕೊಳ್ಳಿ. ಅತ್ತುಬಿಟ್ಟರೆ ಅಳಿ.

ಹೆಜ್ಜೆ 3: ಹಾಡುಗಳನ್ನು ವಿಂಗಡಿಸಿ

ಕೊಯ್ಲು ಮುಗಿದ ಮೇಲೆ ನಮ್ಮ ಮನೆಗಳಲ್ಲಿ ಅಡಿಕೆ ವಿಂಗಡಿಸುತ್ತೇವೆ. ಸರಕು, ಬೆಟ್ಟೆ, ರಾಶಿ, ಗೊರಬಲು. ಎಲ್ಲ ಒಂದೇ ಚೀಲಕ್ಕೆ ಹಾಕಿದರೆ ಒಳ್ಳೆಯದರ ಬೆಲೆಯೂ ಹೋಗುತ್ತದೆ. ಹಾಡಿನಲ್ಲೂ ಹಾಗೇ. ಒಂದು ನೋಟ್‌ಬುಕ್ ತಗೊಳ್ಳಿ, ಮೂರು ಪುಟ ಮಾಡಿ.

ಮೊದಲ ಪುಟ "ನನ್ನವು". ಅವನು ನಿಮ್ಮ ಬದುಕಿಗೆ ಬರುವ ಮೊದಲು ನೀವು ಇಷ್ಟಪಟ್ಟ ಹಾಡುಗಳು. ಶಾಲೆಯ ಪ್ರಾರ್ಥನೆ, ಕಾಲೇಜು ಡೇ ದಿನ ಹಾಡಿದ್ದು, ಅಜ್ಜಿ ಹಸೆಗೆ ಕರೆಯುವಾಗ ಹೇಳುತ್ತಿದ್ದ ಪದ, ಗದ್ದೆ ನಾಟಿಯಲ್ಲಿ ಕೇಳಿದ್ದು. ಹತ್ತು ವರ್ಷದಿಂದ ಇಪ್ಪತ್ತೈದರವರೆಗೆ ಕೇಳಿದ ಹಾಡುಗಳು ನೆನಪಿನಲ್ಲಿ ಆಳವಾಗಿ ಕೂತಿರುತ್ತವೆ. ಅವುಗಳ ಜೊತೆ ಆಗಿನ ನೀವೂ ಬರುತ್ತೀರಿ. ಆ ಹುಡುಗಿಗೆ ಏನು ಇಷ್ಟವಿತ್ತು ಎಂದು ನೆನಪಾಗದಿದ್ದರೆ ಹಳೇ ಗೆಳತಿಗೆ ಫೋನ್ ಮಾಡಿ, "ನಾನು ಆಗ ಯಾವ ಹಾಡು ಹೇಳ್ತಿದ್ದೆ ಮಾರಾಯ್ತಿ?" ಎಂದು ಕೇಳಿ. ನನ್ನ ಗೆಳತಿ ಒಂದೇ ಉಸಿರಿಗೆ ಐದು ಹಾಡು ಹೇಳಿದಳು. ಮೂರು ನನಗೆ ಪೂರ್ತಿ ಮರೆತುಹೋಗಿದ್ದವು.

ಎರಡನೇ ಪುಟ "ಅವನವು". ಅವನು ಹಾಕುತ್ತಿದ್ದದ್ದು, ಮದುವೆ ವಿಡಿಯೋದಲ್ಲಿದ್ದದ್ದು, ಹೊಡೆದ ಮೇಲೆ ಕ್ಷಮೆ ಕೇಳಲು ಕಳಿಸುತ್ತಿದ್ದದ್ದು. ಇವನ್ನು ಬರೆದಿಟ್ಟು ಪುಟ ಮಡಚಿ. "ಆ ಹಾಡನ್ನು ಕೇಳಿಕೇಳಿ ಗೆಲ್ಲಬೇಕು" ಎಂದು ಹಠ ಹಿಡಿಯಬೇಡಿ. ಆ ರಾಗ ಕೇಳುತ್ತಿದ್ದಂತೆ ಮೈ ಹಳೇ ಮನೆಗೆ ಹೋಗಿಬಿಡುತ್ತದೆ, ಬುದ್ಧಿಗೆ ಗೊತ್ತಾಗುವ ಮೊದಲೇ. ಕ್ಷಮೆ ಕೇಳಲು ಕಳಿಸಿದ ಹಾಡುಗಳಂತೂ ಬಹಳ ಅಪಾಯ. ಅವನ್ನು ಕೇಳಿದಾಗ ಅವನ ಒಳ್ಳೆಯ ದಿನಗಳು ಮಾತ್ರ ನೆನಪಾಗುತ್ತವೆ.

ಮೂರನೆಯದು "ಇನ್ನೂ ಗೊತ್ತಿಲ್ಲ". ಅನುಮಾನ ಇರುವುದೆಲ್ಲ ಇಲ್ಲಿಗೆ. ಅವಸರವಿಲ್ಲ.

ಹೆಜ್ಜೆ 4: ಸಾಹಿತ್ಯವನ್ನು ಓದಿ ನೋಡಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಇದು. ರಾಗ ಚೆನ್ನಾಗಿದ್ದರೆ ನಾವು ಪದ ನೋಡುವುದಿಲ್ಲ. ಆದರೆ ದಿನಾ ಬಾಯಲ್ಲಿ ಹೇಳಿದ್ದು ಒಳಗೆ ಇಳಿಯುತ್ತದೆ. ಹಾಡನ್ನು ಒಮ್ಮೆ ಗದ್ಯದ ಹಾಗೆ ಓದಿ, ಹೀಗೆ ಕೇಳಿಕೊಳ್ಳಿ. ಇದರಲ್ಲಿ ಕಾಯುವವರು ಯಾರು? ಸಹಿಸುವವರು ಯಾರು? ಬೇಡ ಎಂದವಳ ಹಿಂದೆ ಬಿದ್ದವನನ್ನು ಇದು ಹೊಗಳುತ್ತಿದೆಯಾ? ಎಷ್ಟೋ ಸಿನಿಮಾ ಪ್ರೇಮಗೀತೆಗಳು ಇಲ್ಲೇ ಬಿದ್ದುಹೋಗುತ್ತವೆ. ತಾಳ್ಮೆಯೇ ಹೆಣ್ಣಿನ ಒಡವೆ ಎನ್ನುವ ಕೆಲವು ಗರತಿಯ ಪದಗಳೂ ಬಿದ್ದುಹೋಗುತ್ತವೆ. ನನಗೆ ಜಾನಪದವೆಂದರೆ ಪ್ರಾಣ. ಆದರೂ ಆ ಹೊತ್ತಿನಲ್ಲಿ ಅವು ಬೇಡ.

ಹೊಸದರಲ್ಲಿ "ನೀನು" ಇಲ್ಲದ ಹಾಡು ಹುಡುಕಿ ಎನ್ನುತ್ತೇನೆ ನಾನು. ನದಿ, ಗುಡ್ಡ, ಮಳೆ, ಬೆಳಕಿನ ಮೇಲಿನ ಹಾಡು. ಅಲ್ಲಿ ಯಾರನ್ನೂ ಒಲಿಸಬೇಕಿಲ್ಲ, ಯಾರ ಮುನಿಸನ್ನೂ ಇಳಿಸಬೇಕಿಲ್ಲ. ನಮ್ಮ ಭಾವಗೀತೆಯಲ್ಲಿ ಇಂಥವು ಬೇಕಾದಷ್ಟಿವೆ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಮಾಡಿದ ನಿಸಾರ್ ಅಹಮದ್ ಅವರ "ನಿತ್ಯೋತ್ಸವ" ಜೋಗದಿಂದ ಶುರುವಾಗಿ ತುಂಗೆಗೆ ಬರುತ್ತದೆ. ನಾನು ದಿನಾ ನೋಡುವ ಹೊಳೆ ಅದು. ಅದರಲ್ಲಿ ಬರುವ "ನಿನಗೆ" ಎಂಬುದು ನಾಡತಾಯಿಗೆ. ನನ್ನನ್ನು ನೋಯಿಸಿದವರು ಯಾರೂ ಆ ಹಾಡಿನಲ್ಲಿಲ್ಲ.

ಕುಪ್ಪಳಿಯ ಕುವೆಂಪು ಅವರ "ಓ ನನ್ನ ಚೇತನ, ಆಗು ನೀ ಅನಿಕೇತನ" ಎಂಬುದರಲ್ಲೂ "ನೀ" ಇದೆ, ಆದರೆ ಅದು ತನ್ನ ಒಳಗನ್ನೇ ಕರೆಯುವ "ನೀ". ಅನಿಕೇತನ ಎಂದರೆ ಮನೆ ಇಲ್ಲದ್ದು. ಮನೆ ಬಿಟ್ಟು ಬಂದವಳು ಎಂದು ಊರೆಲ್ಲ ಮಾತಾಡುತ್ತಿದ್ದಾಗ, ಮನೆ ಇಲ್ಲದಿರುವುದನ್ನು ಇಷ್ಟು ದೊಡ್ಡದಾಗಿ ಹೇಳಿದ ಹಾಡು ನನಗೆ ಬೇರೆ ಸಿಗಲಿಲ್ಲ.

ಇನ್ನು ಬೇರೆಯವರು ನಮಗೆ ಹೇಳುವ ಹಾಡುಗಳು. ನಮ್ಮ ದೊಡ್ಡಮ್ಮ ಬಂದವರೇ, "ಈಸಬೇಕು, ಇದ್ದು ಜೈಸಬೇಕು ಅಂತ ದಾಸರು ಹೇಳಿಲ್ವನೇ? ವಾಪಸ್ ಹೋಗು" ಎಂದರು. ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು. ಆದರೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಪುರಂದರದಾಸರ ಪದವನ್ನು ಮತ್ತೆ ಮತ್ತೆ ಹೇಳಿಕೊಂಡೆ. ಈಸುವುದು ಎಂದರೆ ಈಜುವುದು. "ಇದ್ದು" ಎಂದರೆ ಬದುಕಿದ್ದು. ಆ ಮನೆಯಲ್ಲಿದ್ದು ಎಂದು ದಾಸರು ಎಲ್ಲೂ ಹೇಳಿಲ್ಲ. ತಲೆಯನ್ನು ನೀರಿನೊಳಗೆ ಒತ್ತಿಹಿಡಿದವನ ಕೈಯಲ್ಲಿ ಈಜುವುದು ಹೇಗೆ? ಕೈ ಬಿಡಿಸಿಕೊಂಡ ಮೇಲೆ ತಾನೇ ಈಜು. ಬೆಳಿಗ್ಗೆ ದೊಡ್ಡಮ್ಮನಿಗೆ ಹೇಳಿದೆ: "ದೊಡ್ಡಮ್ಮ, ನಾನು ಈಸ್ತಾ ಇದ್ದೀನಿ. ಅದಕ್ಕೇ ಬಂದಿದ್ದು." ಅವರು ಏನೂ ಹೇಳಲಿಲ್ಲ. ಬಾಳೆಕಾಯಿ ಹೆಚ್ಚುತ್ತಾ ಕೂತರು. ಈಗ ಅದೇ ಪದ ನನ್ನ ಮೊದಲ ಪುಟದಲ್ಲಿದೆ.

ಅಕ್ಕಮಹಾದೇವಿಯ ವಚನಗಳನ್ನು ಕೇಳುವಾಗಲೂ ಇದೇ ಎಚ್ಚರ ಬೇಕು. ಅಕ್ಕ ನಮ್ಮ ಜಿಲ್ಲೆಯವಳು, ಶಿಕಾರಿಪುರ ತಾಲೂಕಿನ ಉಡುತಡಿಯವಳು, 12ನೇ ಶತಮಾನದವಳು. ಕವಿ ಹರಿಹರ ಹೇಳುವ ಕಥೆಯಲ್ಲಿ ಆಕೆ, ತನ್ನನ್ನು ಬಯಸಿದ ರಾಜ ಕೌಶಿಕನಿಗೆ ಷರತ್ತು ಹಾಕುತ್ತಾಳೆ. ಅವನು ಮಾತು ಮುರಿದಾಗ ಎಲ್ಲ ಬಿಟ್ಟು ಹೊರಡುತ್ತಾಳೆ. ಆಕೆಯ "ಬೆಟ್ಟದ ಮೇಲೊಂದು ಮನೆಯ ಮಾಡಿ" ವಚನ ಎಲ್ಲರಿಗೂ ಗೊತ್ತು. ಕೊನೆಗೆ ಸ್ತುತಿ ನಿಂದೆ ಬಂದರೆ ಕೋಪ ತಾಳದೆ ಸಮಾಧಾನಿಯಾಗಿರಬೇಕು ಎಂದು ಬರುತ್ತದೆ. ಈ ಸಾಲನ್ನು ನಮ್ಮ ಮುಂದೆ ಹಿಡಿದು "ಸಮಾಧಾನವಾಗಿರು" ಎನ್ನುವವರಿದ್ದಾರೆ. ಆಕೆ ಹೇಳಿದ್ದು ಊರಿನವರ ಹೊಗಳಿಕೆ ತೆಗಳಿಕೆಯ ಬಗ್ಗೆ. ಮೈಮೇಲೆ ಬೀಳುವ ಪೆಟ್ಟಿನ ಬಗ್ಗೆ ಅಲ್ಲ. ಅದೂ ಮನೆ ಬಿಟ್ಟು ನಡೆದ ಹೆಂಗಸು ಹೇಳಿದ ಮಾತು. ಸಂತೆಯೊಳಗೆ ಮನೆ ಮಾಡಿ ಶಬ್ದಕ್ಕೆ ನಾಚಿದರೆ ಹೇಗೆ ಎನ್ನುವ ಸಾಲನ್ನು ನಾನು ಸೋಮವಾರ ತೀರ್ಥಹಳ್ಳಿ ಪೇಟೆಗೆ ಹೋಗುವಾಗ ಹೇಳಿಕೊಳ್ಳುತ್ತೇನೆ. ಅಂಗಡಿ ಕಟ್ಟೆಯ ಮೇಲಿನ ಪಿಸುಮಾತು ಆಗ ಸಂತೆಯ ಸದ್ದಾಗಿ ಹೋಗುತ್ತದೆ.

ಹೆಜ್ಜೆ 5: ಆರು ಹಾಡಿನ ಪಟ್ಟಿ

ಮನಸ್ಸು ಕುಸಿದಿದ್ದಾಗ ಒಮ್ಮೆಗೇ ಕುಣಿಯುವ ಹಾಡು ಹಾಕಿದರೆ ಅದು ಕಿವಿಗೆ ಚುಚ್ಚುತ್ತದೆ. ಸಂಗೀತ ಚಿಕಿತ್ಸೆ ಮಾಡುವವರು ಇದಕ್ಕೊಂದು ದಾರಿ ಹಿಡಿಯುತ್ತಾರೆ. ಈಗಿರುವ ಮನಸ್ಸಿಗೆ ಹೊಂದುವ ಹಾಡಿನಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪವಾಗಿ ಹೋಗಬೇಕಾದ ಕಡೆ ಒಯ್ಯುವುದು. ಘಾಟಿ ರಸ್ತೆಯ ಹಾಗೆ, ತಿರುವು ತಿರುವಾಗಿ ಹತ್ತುವುದು.

ಆರು ಹಾಡು ಆರಿಸಿ. ಮೊದಲ ಎರಡು ನಿಧಾನದವು, ದುಃಖದ್ದಾದರೂ ಸರಿ. ನಡುವಿನ ಎರಡು ನೀರು ಹರಿದ ಹಾಗೆ, ಸಮವಾಗಿ. ಕೊನೆಯ ಎರಡು ಎದ್ದು ನಡೆಯಬೇಕು ಅನ್ನಿಸುವಂಥವು. ವೇಗ ತಿಳಿಯಲು ಹಾಡಿಗೆ ಸರಿಯಾಗಿ ಕಾಲು ತಟ್ಟಿ 15 ಸೆಕೆಂಡಿನಲ್ಲಿ ಎಷ್ಟು ಬಂತು ಎಂದು ಎಣಿಸಿ, ನಾಲ್ಕರಿಂದ ಗುಣಿಸಿ. 60ರಿಂದ 80 ಬಂದರೆ ನಿಧಾನದ್ದು. 100ರಿಂದ 120 ಬಂದರೆ ಚುರುಕಾಗಿ ನಡೆಯುವ ವೇಗ. ಒಟ್ಟು ಅರ್ಧ ಗಂಟೆ ಆಗುತ್ತದೆ. ನಡುವೆ ನಿಲ್ಲಿಸಬೇಕು ಅನ್ನಿಸಿದರೆ ತಕ್ಷಣ ನಿಲ್ಲಿಸಿ. ನಿಲ್ಲಿಸುವ ಗುಂಡಿ ಈಗ ನಿಮ್ಮ ಕೈಯಲ್ಲಿದೆ.

ನನ್ನ ಪಟ್ಟಿ ಶಿಕಾರಿಪುರ ಕಡೆಯ ಜಿ.ಎಸ್. ಶಿವರುದ್ರಪ್ಪನವರ "ಕಾಣದ ಕಡಲಿಗೆ ಹಂಬಲಿಸಿದೆ ಮನ" ಎಂಬುದರಿಂದ ಶುರುವಾಗುತ್ತದೆ. ನಡುವೆ ಕುವೆಂಪು. ಕೊನೆಗೆ "ನಿತ್ಯೋತ್ಸವ", ಅದನ್ನು ಕೇಳುತ್ತಾ ತೋಟಕ್ಕೆ ಹೊರಡುತ್ತೇನೆ.

ದುಃಖದ ಹಾಡಿನ ಬಗ್ಗೆ ಒಂದು ಮಾತು. ಅದು ಎಷ್ಟೋ ಸಲ ಮನಸ್ಸನ್ನು ಹಗುರ ಮಾಡುತ್ತದೆ. ಆದರೆ ಒಂದೇ ಹಾಡನ್ನು ಹತ್ತು ಸಲ ತಿರುಗಿಸಿ ಹಾಕುತ್ತಾ, "ನಾನು ಹಾಗೆ ಮಾಡಿದ್ದರೆ, ಹೀಗೆ ಮಾಡಿದ್ದರೆ" ಎಂದು ಸುತ್ತುತ್ತಿದ್ದರೆ ಅದು ಹಗುರ ಮಾಡುತ್ತಿಲ್ಲ. ಎರಡು ಸಲ ಸಾಕು. ಮೂರನೆಯದಕ್ಕೆ ಎದ್ದು ಬೇರೆ ಕೆಲಸ ಹಿಡಿಯಿರಿ.

ಹೆಜ್ಜೆ 6: ಸಿಟ್ಟಿಗೂ ಜಾಗ ಕೊಡಿ

ಕೆಲವು ತಿಂಗಳಾದ ಮೇಲೆ ಸಿಟ್ಟು ಬರುತ್ತದೆ. ಹೆದರಬೇಡಿ. ಅದು ಬಂತೆಂದರೆ "ನನಗೆ ಹೀಗಾಗಬಾರದಿತ್ತು" ಎಂದು ಒಳಗೆ ಗೊತ್ತಾಗಿದೆ ಎಂದರ್ಥ.

ನಮ್ಮ ಜಿಲ್ಲೆಯ ದನಿ ಶಿವಮೊಗ್ಗ ಸುಬ್ಬಣ್ಣ ಹಾಡಿದ "ಕಾಡು ಕುದುರೆ" ಈ ಹೊತ್ತಿಗೆ ನನ್ನ ಹಾಡು. ಚಂದ್ರಶೇಖರ ಕಂಬಾರರು ಬರೆದದ್ದು. ಸುಬ್ಬಣ್ಣನವರಿಗೆ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿ ತಂದ ಹಾಡು. ಕಟ್ಟಿಹಾಕಲಾಗದ ಕುದುರೆ ಓಡುತ್ತಾ ಬರುತ್ತದೆ. ಕಾಲಿಗೆ ಮೆಟ್ಟು ಹಾಕಿಕೊಂಡು ಇದರ ವೇಗಕ್ಕೆ ಗುಡ್ಡ ಹತ್ತಿ ನೋಡಿ.

ಶಿವಮೊಗ್ಗದ ಪಕ್ಕದ ಹೊಸಹಳ್ಳಿ ಗಮಕಕ್ಕೆ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಗೆ, ಹೆಸರಾದ ಊರು. ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಿತ್ತು. ಕುಮಾರವ್ಯಾಸನ ವಿರಾಟಪರ್ವವನ್ನು ಗಮಕದಲ್ಲಿ ಕೇಳಿದರೆ, ತುಂಬಿದ ಸಭೆಯಲ್ಲಿ ಎಲ್ಲರೂ ಸುಮ್ಮನಿದ್ದಾಗ ಸುಮ್ಮನಿರದ ದ್ರೌಪದಿಯ ದನಿ ಕೇಳುತ್ತದೆ. ಆದರೆ ಅದರಲ್ಲಿ ಕೀಚಕ ಅವಳನ್ನು ಒದೆಯುವ ಭಾಗವೂ ಬರುತ್ತದೆ. ಒಬ್ಬರೇ ಇದ್ದಾಗ, ರಾತ್ರಿ ಹೊತ್ತು ಕೇಳಬೇಡಿ. ಜೊತೆಗೆ ಯಾರಾದರೂ ಇರಲಿ.

ಕೈಗೆ ಕೆಲಸ ಬೇಕು ಅನ್ನುವವರಿಗೆ ಡೊಳ್ಳು. ಸಾಗರದ ಕಡೆ ಹೆಂಗಸರ ಡೊಳ್ಳು ತಂಡಗಳಿವೆ. ಸೊಂಟಕ್ಕೆ ಬಿಗಿದು ಬಾರಿಸಿದರೆ ಸದ್ದು ಎದೆಗೂಡಿನಲ್ಲಿ ತುಂಬುತ್ತದೆ. ವರ್ಷಗಟ್ಟಲೆ ಸದ್ದು ಮಾಡದೆ ಬದುಕಿದವರಿಗೆ ಅದು ಎಂಥ ಸುಖ ಎಂದು ಬರೆದು ತಿಳಿಸಲು ನನ್ನಿಂದ ಆಗುವುದಿಲ್ಲ.

ಹೆಜ್ಜೆ 7: ನಿಮ್ಮದೇ ಮೂರು ಸಾಲು

ಬೀಸುವ ಕಲ್ಲಿನ ಮುಂದೆ ಕೂತ ನಮ್ಮ ಅಜ್ಜಿಯರು ಯಾರಿಗೂ ಹೇಳಲಾಗದ್ದನ್ನು ಮೂರು ಸಾಲಿನ ಪದ ಕಟ್ಟಿ ಕಲ್ಲಿಗೆ ಹೇಳಿದರು. ಕಲ್ಲಿನ ಗರಗರ ಸದ್ದಿನಲ್ಲಿ ಅತ್ತೆಗೆ ಪದ ಕೇಳುತ್ತಿರಲಿಲ್ಲ. ಆ ಅಳತೆ ಈಗಲೂ ನಮ್ಮ ಕಿವಿಯಲ್ಲಿದೆ. ನೀವೂ ಕಟ್ಟಬಹುದು.

ಮೊದಲ ಸಾಲಿಗೆ, ನೀವು ಇವತ್ತು ನಿಮ್ಮ ಕೈಯಾರೆ ಮಾಡಿದ ಒಂದು ಸಣ್ಣ ಕೆಲಸ. ಎರಡನೆಯದಕ್ಕೆ, ಅದರ ಮುಂದಿನದು. ಮೂರನೆಯದಕ್ಕೆ, ನಿಮ್ಮ ಕಣ್ಣೆದುರು ಇರುವ ಒಂದು ವಸ್ತು: ಮಳೆ, ಮರ, ಕರು, ದೀಪ. ಅವನ ಬಗ್ಗೆ ಬರೆಯಲೇಬೇಡಿ. ನಾನು ಮೊದಲು ಕಟ್ಟಿದ್ದು ಇದು:

ಬಾಗ್ಲೀಗೆ ಚಿಲಕಾವ ನಾನೇಯ ಹಾಕೀನಿ
ನಾನೇಯ ತೆಗೆದು ಹೊರಬಂದೆ – ಅಂಗಳದ
ಮಳೆಯೀಗ ನನ್ನ ಜೊತೆಗಾತಿ

ಅಡಿಕೆ ಸುಲಿಯುವ ದಿನಗಳಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಇದನ್ನು ಹೇಳಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕೂತ ಚಿಕ್ಕಮ್ಮ ಎರಡು ದಿನ ಸುಮ್ನೆ ಕೇಳಿದರು. ಮೂರನೇ ದಿನ ನನ್ನ ಜೊತೆ ದನಿಗೂಡಿಸಿದರು.

ಹೆಜ್ಜೆ 8: ನಾಲ್ಕು ಜನರ ಜೊತೆ

ಗುಂಪಿನಲ್ಲಿ ಹಾಡುವಾಗ ಎಲ್ಲರ ಉಸಿರೂ ಒಟ್ಟಿಗೆ ಏರಿಳಿಯುತ್ತದೆ. ನಮ್ಮ ದನಿ ತಪ್ಪಿದರೂ ಪಕ್ಕದವರ ದನಿ ಎತ್ತಿಹಿಡಿಯುತ್ತದೆ. ಭಜನಾ ಮಂಡಳಿ, ಭಾವಗೀತೆ ಕ್ಲಾಸು, ಸ್ವಸಹಾಯ ಸಂಘದ ಸಭೆ, ಯಾವುದಾದರೂ ಆದೀತು. ಸಾಧ್ಯವಾದರೆ ನಿಮ್ಮೂರಿನದ್ದು ಬಿಟ್ಟು ಪಕ್ಕದೂರಿನ ಗುಂಪು ಹುಡುಕಿ. ಅಲ್ಲಿ ನೀವು ಯಾರದೋ ಬಿಟ್ಟುಬಂದ ಹೆಂಡತಿಯಲ್ಲ, ಎರಡನೇ ಸಾಲಿನಲ್ಲಿ ಕೂತು ಹಾಡುವವರು. ಆದರೂ ಯಾರಾದರೂ ಕೇಳುತ್ತಾರೆ. "ಈಗ ಅದು ಬೇಡ ಅತ್ತೆ, ಹಾಡೋಣ" ಎಂಬ ಒಂದು ವಾಕ್ಯವನ್ನು ಮನೆಯಲ್ಲೇ ಅಭ್ಯಾಸ ಮಾಡಿಕೊಂಡು ಹೋಗಿ.

ಹೋಗಿಬರುವ ದಾರಿಯ ವಿಷಯ. 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ. ಆದರೆ ನಮ್ಮ ಕಡೆ ಖಾಸಗಿ ಬಸ್ಸೇ ಜಾಸ್ತಿ, ಚಾರ್ಜ್ ಇಟ್ಟುಕೊಂಡಿರಿ. ಖಾಸಗಿ ಬಸ್ಸಿನಲ್ಲಿ ಜೋರಾಗಿ ಸಿನಿಮಾ ಹಾಡು ಹಾಕಿರುತ್ತಾರೆ. ಎರಡನೇ ಪುಟದ ಹಾಡು ಅಲ್ಲೇ ಬಂದುಬಿಡಬಹುದು. ನನಗೆ ಒಮ್ಮೆ ಬಂತು. ಕಿಟಕಿ ಸರಳು ಹಿಡಿದುಕೊಂಡೆ, ಅದರ ತಣ್ಣಗಿನ ಕಬ್ಬಿಣವನ್ನೇ ಗಮನಿಸಿದೆ. ಮುಂದೆ ಬರುವ ಊರುಗಳನ್ನು ಮೆಲ್ಲಗೆ ಬಾಯಲ್ಲಿ ಹೇಳಿಕೊಂಡೆ. ಗಾಜನೂರು, ಸಕ್ರೆಬೈಲು, ಮಂಡಗದ್ದೆ, ತೀರ್ಥಹಳ್ಳಿ. ಮತ್ತೆ ಗಾಜನೂರಿನಿಂದ. ನಾನು ಎಲ್ಲಿದ್ದೇನೆ, ಎಲ್ಲಿಗೆ ಹೋಗುತ್ತಿದ್ದೇನೆ ಎಂದು ಮೈಗೆ ತಿಳಿಯಿತು. ಮುಂದಿನ ಸಲ ಇನ್ನೂ ಸ್ವಲ್ಪ ಧೈರ್ಯ ಬಂದಿತ್ತು. "ಅಣ್ಣಾ, ಸ್ವಲ್ಪ ಸೌಂಡ್ ಕಡಿಮೆ ಮಾಡಿ" ಎಂದೆ. ಕಂಡಕ್ಟರ್ ಮಾಡಿದರು. ಅಷ್ಟೇ. ನಾನು ಕೇಳಿದೆ, ಅವರು ಮಾಡಿದರು, ಯಾರೂ ಬೈಯಲಿಲ್ಲ. ಊರು ಬರುವವರೆಗೂ ನನಗೆ ಕಣ್ಣೀರು ನಿಲ್ಲಲಿಲ್ಲ.

ಹಾಡು ಸಾಲದ ದಿನಗಳು

ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಆ ದಿನಗಳು ಕಣ್ಣ ಮುಂದೆ ಈಗಷ್ಟೇ ನಡೆದ ಹಾಗೆ ಬರುತ್ತಿವೆ, ಬದುಕಿರುವುದೇ ಬೇಡ ಅನ್ನಿಸುತ್ತಿದೆ ಎಂದರೆ ಹಾಡು ಹುಡುಕುತ್ತಾ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416. ದಿನದ 24 ಗಂಟೆಯೂ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಗಂಡಸರೂ ಮಾಡಬಹುದು. ಹಿಂಸೆ ಅನುಭವಿಸಿದ ಗಂಡಸರೂ ಇದ್ದಾರೆ, ಅವರಿಗೆ ಹೇಳಿಕೊಳ್ಳುವುದು ಇನ್ನೂ ಕಷ್ಟ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ನಾನು ಕೂಡ ಡಾಕ್ಟರ ಹತ್ತಿರ ಹೋದೆ, ಕೆಲವು ತಿಂಗಳು ಮಾತ್ರೆ ತಗೊಂಡೆ. ಮಾತ್ರೆಯಿಂದ ನಿದ್ದೆ ಬಂತು. ನಿದ್ದೆ ಬಂದ ಮೇಲೆ ಹಾಡು ಕಿವಿಗೆ ಹಿಡಿಸಿತು.

ಕೊನೆಗೆ ದೀಪಾವಳಿಯ ವಿಷಯ. ಮಲೆನಾಡಿನವರಿಗೆ ಇದನ್ನು ಹೇಳಲೇಬೇಕು. ಹಬ್ಬದ ರಾತ್ರಿಗಳಲ್ಲಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು, ಹಾಡುತ್ತಾ ಮನೆ ಮನೆಗೆ ಬರುತ್ತಾರೆ. ಕೆಲವೊಮ್ಮೆ ನಡುರಾತ್ರಿ ದಾಟಿರುತ್ತದೆ. ಗಂಡಸರ ಗುಂಪು, ಕತ್ತಲು, ಬಾಗಿಲ ಮುಂದೆ ಜೋರು ದನಿ. ಮೊದಲ ವರ್ಷ ನಾನು ಹಾಸಿಗೆಯಿಂದ ಎದ್ದು ಅಟ್ಟ ಹತ್ತಿ ಕೂತಿದ್ದೆ. ಚಿಕ್ಕಂದಿನಲ್ಲಿ ಅದೇ ಹಾಡಿಗೆ ನಿದ್ದೆಗೆಟ್ಟು ಕಾಯುತ್ತಿದ್ದವಳು ನಾನು.

ಹಾಗಾಗಿ ಹಬ್ಬಕ್ಕೆ ಮೊದಲೇ ಮನೆಯವರ ಹತ್ತಿರ ಮಾತಾಡಿಕೊಳ್ಳಿ. ಯಾವ ರಾತ್ರಿ ಬರುತ್ತಾರೆ ಎಂದು ಕೇಳಿಟ್ಟುಕೊಳ್ಳಿ. ಬಾಗಿಲು ಬಡಿಯುವ ಬದಲು ಉಣುಗೋಲಿನ (ದಾರಿಗೆ ಅಡ್ಡ ಹಾಕಿದ ಕೋಲಿನ ಗೇಟಿನ) ಹತ್ತಿರದಿಂದಲೇ ಪದ ಎತ್ತಿಕೊಂಡು ಬನ್ನಿ ಎಂದು ಹೇಳಿಸಿ. ದೂರದಿಂದ ಕೇಳುತ್ತಾ ಬಂದರೆ ಮೈ ಬೆಚ್ಚುವುದಿಲ್ಲ. ನಿಮ್ಮ ಪಕ್ಕ ಯಾರು ನಿಲ್ಲಬೇಕು ಎಂದು ಮೊದಲೇ ಹೇಳಿಡಿ. ಎಣ್ಣೆ ಗಿಂಡಿ ಜಗಲಿಯಲ್ಲೇ ಇರಲಿ, ಕತ್ತಲಲ್ಲಿ ಹುಡುಕುವುದು ಬೇಡ.

ಎರಡನೇ ವರ್ಷ ನಾವು ಹಾಗೇ ಮಾಡಿದೆವು. ತೋಟದಾಚೆಯಿಂದ ಪದ ಕೇಳಿಸಿತು. ಅಮ್ಮ, "ಬಾಗ್ಲು ನಾನು ತೆಗೀಲಾ, ನೀನು ತೆಗೀತೀಯಾ ಪುಟ್ಟಿ?" ಎಂದಳು. ಚಿಲಕ ನಾನೇ ತೆಗೆದೆ. ಅವರ ದೀಪಕ್ಕೆ ಎಣ್ಣೆ ಹಾಕಿ, ಆ ಕುಡಿಯಿಂದ ನಮ್ಮ ಮನೆಯ ದೀಪ ಹಚ್ಚಿಕೊಂಡೆ.